ನಡೀತದೇನು

ತೀನ್ ಕಂದೀಲಿನ ಹತ್ತಿರ, ಬಳೆಯಂಗಡಿಯ ಮಗ್ಗುಲಿಗೆ
ನನ್ನದೊಂದು ಗಾಜಿನ ಪೆಟ್ಟಿಗೆ, ಒಂದು ಹರಕು ಛತ್ರಿ.
ಅಬ್ಬಾ ಬರೆಸಿಟ್ಟು ಹೋದ ತಗಡು:
ಹರಿದ, ಸುಟ್ಟ, ಇಲಿ ಕಡಿದ ನೋಟುಗಳಿಗೆ ಬದಲಿ.
ನೂರಕ್ಕೆ ಹತ್ತು ನನ್ನ ಪಾಲು.
ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ
ತಗೊಂಡ್ ಹೋಗ್ರಿ, ಹುಡುಗ್ರಿಗೆ ಆಡಾಕ ಕೊಡ್ರಿ ಅನ್ನುತ್ತೇನೆ.

ಪೆಟ್ಟಿಗೆಯ ತಳದಲ್ಲಿ, ಯಾರದೋ ಮದುವೆಯ ಖಾಲಿ ಆಲ್ಬಮ್ಮಿನಲ್ಲಿ
ಬೇರೆ ನೋಟುಗಳಿವೆ.
ಬೇಗಂ ಬಜಾರಿನ ಶೇಠ ಕಳಿಸುತ್ತಾನೆ
ರೈಲಿನಲ್ಲಿ ಬರುವ ಚಪ್ಪಲಿ ಸರಕಿನ ಜೊತೆ,
ನಾನು ಫೋನಿನಲ್ಲಿ ಕಾಡಿ ಕಾಡಿ ಇಳಿಸಿದ ರೇಟಿಗೆ.

ಇದು ಘಾನಾ, ಐವತ್ತೆಂಟನೇ ಇಸವಿ.
ಹಿಂಬದಿಗೆ ಕೋಕೋ ಕಾಯಿ,
ನಮ್ಮ ಗಂಜ್‌ನಲ್ಲಿ ಶೇಂಗಾ ಸುರಿದ ಹಾಗೆ ರಾಶಿ.
ಇದು ಜಾಂಬಿಯಾ. ಹಕ್ಕಿಯ ಬೆನ್ನಿಗೆ ಗಣಿಯ ಗೋಪುರ.
ಹಟ್ಟಿಯ ಲ್ಯಾಂಪ್ ರೂಮಿನಲ್ಲಿದ್ದ ಹುಸೇನಪ್ಪ ಮಾಮಾ ನೋಡಿ
"ಏ, ಇದು ನಮ್ಮ ಮಲ್ಲಪ್ಪ ಶಾಫ್ಟ್ ಅಲ್ಲೇನು?" ಅಂದ,
ಎರಡು ಸಲ ಚಾಳೀಸು ಒರೆಸಿಕೊಂಡ.
ಇದು ಬುರುಂಡಿ. ಹೊಸದು ಅಚ್ಚು ಹಾಕಲು ಪುರಸೊತ್ತಿರಲಿಲ್ಲ,
ಹಳೇ ಸಾಹೇಬರ ನೋಟಿನ ಮೇಲೇ ಹೊಡೆದರು
ಕಪ್ಪಗೆ, ತಮ್ಮ ಹೆಸರು.
ಅಕ್ಷರ ಒಂಚೂರು ಸೊಟ್ಟ.
ಆ ಸೊಟ್ಟಿಗೇ ಮುನ್ನೂರು ಹೆಚ್ಚಿಗೆ ಕೊಟ್ಟೆ.

"ಇವು ಕೊಟ್ರ ಪಾವು ಸಕ್ಕರಿ ಬರ್ತದೇನ್ ಖಾಸಿಂಬಿ?"
ಬಳೆಯಂಗಡಿ ಶಾಂಭವಮ್ಮನ ಪ್ರಶ್ನೆ, ದಿನಕ್ಕೊಮ್ಮೆ.
ಬರೂದಿಲ್ಲ.

ದಾದಿ ಗಾದಿಗೆ ಹತ್ತಿ ಹಿಂಜುವಾಕೆ.
ಏಳು ಹಾಲಿಗೆ ಆರು ಕಲ್ದಾರ ಎಂದು
ಊರೆಲ್ಲ ಸಾಲು ನಿಂತು ಬದಲಿಸಿಕೊಳ್ಳುವಾಗ
"ನಿಜಾಮ ಹೋದ್ರ ಕಾಗದಾನೂ ಹೋಗ್ತದೇನು?" ಎಂದು
ಅರವತ್ತು ಹಾಲಿ ರೂಪಾಯಿ ಗಾದಿಯೊಳಗಿಟ್ಟು ಹೊಲಿದಳು.
ಅದರ ಮೇಲೆ ನಾವು ಮೂವರೂ ಹುಟ್ಟಿದೆವು,
ಒಬ್ಬ ಸತ್ತ.
ಹತ್ತಿ ಗಂಟುಗಟ್ಟಿತೆಂದು ಬಿಚ್ಚಿದ ದಿನ
ನಾಲ್ಕು ಲಿಪಿಯಲ್ಲಿ ಹತ್ತು, ಹತ್ತು ಎನ್ನುತ್ತ ಉದುರಿದವು,
ನಾಲ್ಕರಲ್ಲೊಂದು ಕನ್ನಡ.
ದಾದಿ ಬುರ್ಖಾ ಇಸ್ತ್ರಿ ಮಾಡಿಸಿಕೊಂಡು ಬ್ಯಾಂಕಿಗೆ ಹೋದಳು.
ಬಂದು ಯಾರ ಜೊತೆಗೂ ಮಾತಿಲ್ಲ.
ದೀಪ ಹಚ್ಚುವ ತನಕ ಹಿಂಜುತ್ತಲೇ ಇದ್ದಳು, ಹಿಂಜಿದ್ದನ್ನೇ.
ಒಂದು ನೋಟು ನಾನು ಕದ್ದಿಟ್ಟುಕೊಂಡೆ.
ಆಲ್ಬಮ್ಮಿನ ಮೊದಲ ಹಾಳೆ ಅದು.

ಹೋದ ಶುಕ್ರವಾರ ಕೃಷಿ ಯೂನಿವರ್ಸಿಟಿಯ ಹುಡುಗ ಬಂದ,
ಉಚೆನ್ನಾ ಅಂತ, ನೈಜೀರಿಯಾದವ,
ಕರಿಮಣ್ಣಿನ ಉಪ್ಪಿನ ಮೇಲೆ ಓದುತ್ತಾನೆ.
ಮೆಸ್ಸಿನಲ್ಲಿ ಕಲಿತ ಕನ್ನಡ:
"ಅಕ್ಕ, ಇದು ನಡೀತದೇನು?"
ವಾಷಿಂಗ್ ಮೆಷಿನ್ ಅಗಿದು ಉಗುಳಿದ ಇನ್ನೂರು.
ನಾನು ಬೆಳಕಿಗೆ ಹಿಡಿದು ತುಂಡು ಜೋಡಿಸುವಾಗ
ಅವನ ಕಣ್ಣು ಕೆಳಗಿಳಿಯಿತು:
ತಾಳೆಮರ, ಹಿಂದೆ ಹುಟ್ಟುತ್ತಿರುವ ಸೂರ್ಯ, ಒಂದು ಪೌಂಡ್.
ಬಿಯಾಫ್ರಾ.
ಮೂವತ್ತು ತಿಂಗಳು ಬದುಕಿದ ದೇಶ,
ನಂಬರು ಹಾಕುವುದಕ್ಕೂ ನಿಲ್ಲದೆ ಹೊರಟ ನೋಟು.

ಮುಟ್ಟಲಾ ಎಂದು ಬೆರಳಿನಲ್ಲೇ ಕೇಳಿದ.
ಕೈ ತೊಳಕೊಂಡು ಬಾ ಅಂದೆ, ಯಾರಿಗಾದರೂ ಅನ್ನುವುದೇ.
ನಳಕ್ಕೆ ಹೋಗಿ ಬಂದು, ಅಂಗಿಗೆ ಒರೆಸಿಕೊಂಡು, ತಗೊಂಡ.
ನೋಡಲಿಲ್ಲ. ಮೂಸಿದ.
"ಹೊಗೆ ಇಲ್ಲ" ಅಂದ.

ಅವನ ಅಜ್ಜಿ ಒಲೆ ಹೊತ್ತಿಸುತ್ತಿದ್ದದ್ದು ಇದರಿಂದಲೇ,
ಬುಟ್ಟಿ ತುಂಬ ಇದ್ದವು, ದಿನಕ್ಕೆ ಒಂದು.
ಹಸಿ ಕಟ್ಟಿಗೆಯಾದರೆ ಎರಡು.
ಆ ದೇಶದ ಹೆಸರು ಮಾತ್ರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.
ಇಷ್ಟು ಹೇಳಲು ಅವನಿಗೆ ಮೂರು ಭಾಷೆ ಬೇಕಾದವು,
ಒಂದಂತೂ ನನಗೆ ಬಾರದ್ದು.

ಶೇಠ ಹೇಳಿದ ಬೆಲೆ ಬಾಯಿಗೆ ಬಂದಿತ್ತು. ನುಂಗಿದೆ.
ಕೊಟ್ಟುಬಿಡಲೇ ಎಂದೂ ಅನ್ನಿಸಿತು. ಅದನ್ನೂ ನುಂಗಿದೆ.
ಇನ್ನೂರರಲ್ಲಿ ಇಪ್ಪತ್ತು ಹಿಡಿದುಕೊಂಡು
ನೂರಾ ಎಂಬತ್ತು ಎಣಿಸಿ ಕೊಟ್ಟೆ.
ಧಂದೆ ಧಂದೆ.

ಆಟೋಗಳ ನಡುವೆ ಅವನು ರಸ್ತೆ ದಾಟಿದ ಮೇಲೆ
ಶಾಂಭವಮ್ಮ ಅತ್ತ ತಿರುಗಿದ್ದಾಗ
ನಾನೂ ಮೂಸಿದೆ.
ಹತ್ತಿ.